ಇದರಲ್ಲಿ ಕನ್ನಡ ಎಲ್ಲಿ?

ಮೇ ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಾಷ್ಟ್ರು, ಟೀಚರ್‌ಗಳಿಗೆ ರಜೆ ಎಂಬುದು ಹೆಸರಿಗೆ ಮಾತ್ರ. ಒಂದನೇ ಕ್ಲಾಸಿಗೆ ಮಕ್ಕಳನ್ನು ಹುಡುಕಿಕೊಂಡು ಮನೆ ಮನೆ ತಿರುಗಬೇಕು. ಜೂನಿನಲ್ಲಿ ಶಾಲೆ ಸುರುವಾಗಿ ಆರನೆಯ ಕೆಲಸದ ದಿನ ತಲೆ ಎಣಿಸುತ್ತಾರೆ. ಆ ದಿನ ಎಷ್ಟು ಮಕ್ಕಳಿದ್ದಾರೋ ಅದರ ಮೇಲೆ ಡಿವಿಜನ್, ಡಿವಿಜನಿನ ಮೇಲೆ ಹುದ್ದೆ. ಇದನ್ನು ಓದುವವರಲ್ಲಿ ಹೆಚ್ಚಿನವರು ಇದೇ ಪಾಡು ಪಟ್ಟವರಾದ್ದರಿಂದ ಜಾಸ್ತಿ ವಿವರಿಸುವುದಿಲ್ಲ. ಕಳೆದ ಮೇಯಲ್ಲಿ ನಾವು ಮೂವರು, ಇಬ್ಬರು ಟೀಚರ್ ಮತ್ತು ಒಬ್ಬರು ಮಾಷ್ಟ್ರು, ಮಾಷ್ಟ್ರ ಹಳೆಯ ಕಾರಿನಲ್ಲಿ ಹೀಗೆ ತಿರುಗುತ್ತಿದ್ದೆವು.

ಒಂದು ಮನೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿ ಸಿಕ್ಕಿದಳು. ನಾವು ಹೋದದ್ದು ಅವಳ ತಮ್ಮನ ಮಗುವಿಗಾಗಿ. ಅವಳು ನಮ್ಮಲ್ಲೇ ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ನರ್ಸಿಂಗ್ ಮುಗಿಸಿ, ಈಗ ಕಾರ್ಡಿಫಿನ ಆಸ್ಪತ್ರೆಯೊಂದರಲ್ಲಿ ಇದ್ದಾಳೆ. ರಜೆಯಲ್ಲಿ ಬಂದಿದ್ದಳು. ಅವಳ ಏಳು ವರ್ಷದ ಮಗ ಜಗಲಿಯಲ್ಲಿ ಕೂತು ನಮ್ಮ ಮುಖ ನೋಡಿ "ಬೋರೆ ದಾ" ಅಂದ. ಗುಡ್ ಮಾರ್ನಿಂಗ್ ಅಂತೆ. ಯಾವ ಭಾಷೆ ಎಂದು ಕೇಳಿದ್ದಕ್ಕೆ ವೆಲ್ಶ್ ಅಂದಳು. ಹುಡುಗ ಅಲ್ಲಿ ವೆಲ್ಶ್ ಮಾಧ್ಯಮದ ಶಾಲೆಗೆ ಹೋಗುತ್ತಾನೆ!

"ಇಂಗ್ಲೆಂಡಿಗೆ ಹೋಗಿಯೂ ಇಂಗ್ಲಿಷ್ ಮೀಡಿಯಂ ಸಿಕ್ಕಲಿಲ್ಲವಾ ನಿನಗೆ?" ಎಂದು ನಮ್ಮಲ್ಲೊಬ್ಬರು ಕೇಳಿಯೇಬಿಟ್ಟರು. ಕೇಳಿದ ಮೇಲೆ ನಾವು ಯಾವ ಕೆಲಸಕ್ಕೆ ಬಂದದ್ದೆಂದು ನೆನಪಾಗಿ ನಾಚಿಕೆಯಾಯಿತು.

"ಅದು ಇಂಗ್ಲೆಂಡ್ ಅಲ್ಲ ಟೀಚರ್, ವೇಲ್ಸ್. ನೀವು ಮಲಯಾಳಿಗಳಾ ಅಂತ ಬೆಂಗಳೂರಿನವರು ಕೇಳಿದರೆ ನಿಮಗೆ ಹೇಗಾಗ್ತದೆ, ಅಲ್ಲಿನವರಿಗೂ ಹಾಗೇ. ಶಾಲೆ ಮನೆಗೆ ಹತ್ತಿರ ಉಂಟು, ಒಳ್ಳೆದುಂಟು. ಕನ್ನಡದಲ್ಲಿ ಓದಿ ನನಗೆ ಎಂತ ನಷ್ಟ ಆಯ್ತು ಹೇಳಿ?"

ತಮ್ಮನ ಹೆಂಡತಿ ಇದನ್ನೆಲ್ಲ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. (ಮಗುವನ್ನು ಕೊನೆಗೂ ನಮ್ಮಲ್ಲಿಗೇ ಸೇರಿಸಿದರು. ಅದರ ಶ್ರೇಯಸ್ಸು ನಮ್ಮದಲ್ಲ.) ಹೊರಡುವಾಗ ಅವಳು ಒಂದು ಸಿ.ಡಿ. ತಂದುಕೊಟ್ಟಳು. "ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕೊಟ್ಟದ್ದು. ಈ ನಮೂನೆಯ ಪಾಟು ನನ್ನ ತಲೆಗೆ ಹೋಗುವುದಿಲ್ಲ. ನೀವು ಭಾಷೆಯ ಟೀಚರ್‌ಗಳಲ್ವಾ, ಕೇಳಿ." ಈಗ ಸಿ.ಡಿ. ಹಾಕುವ ಪೆಟ್ಟಿಗೆ ಯಾರ ಮನೆಯಲ್ಲಿದೆ? ಆದರೆ ಮಾಷ್ಟ್ರ ಕಾರಿನಲ್ಲಿತ್ತು. ಮಳೆ ಸುರುವಾಗಿತ್ತು. ಮುಂದಿನ ಮನೆಗೆ ಹೋಗುವ ಗುಡ್ಡದ ದಾರಿ ಸ್ವಲ್ಪ ತಣಿಯಲಿ ಎಂದು ಹಲಸಿನ ಮರದಡಿ ಕಾರು ನಿಲ್ಲಿಸಿ ಹಾಕಿದೆವು.

ಸಿ.ಡಿ.ಯ ಹೆಸರು ಓದಲಿಕ್ಕೇ ಬರಲಿಲ್ಲ. ಎಂ, ಡಬ್ಲ್ಯೂ, ಎನ್, ಜಿ. ಸ್ವರವೇ ಇಲ್ಲದ ಶಬ್ದ. ಹುಡುಗಿಗೆ ಫೋನ್ ಮಾಡಿ ಕೇಳಿದಾಗ ಮಗನ ಕೈಗೆ ಕೊಟ್ಟಳು. ಅವನು ಹೇಳಿದ: "ಮುಙ್". ವೆಲ್ಶಿನಲ್ಲಿ ಡಬ್ಲ್ಯೂ ಎಂದರೆ ಉಕಾರ. ಎನ್ ಮತ್ತು ಜಿ ಸೇರಿ ಒಂದೇ ಅಕ್ಷರ, ಅವರ ಅಕ್ಷರಮಾಲೆಯಲ್ಲಿ ಅದಕ್ಕೆ ಪ್ರತ್ಯೇಕ ಜಾಗವೇ ಉಂಟು. ಅಂದರೆ ನಮ್ಮ ಙ! ಕ-ಕಮಲ, ಖ-ಖಡ್ಗ, ಗ-ಗಡಿಯಾರ, ಘ-ಘಂಟೆ ಎಂದು ಹೇಳಿಕೊಡುತ್ತಾ ಬಂದು ಙ ಎದುರು ಖಾಲಿ ಚೌಕದ ಮುಂದೆ ಎಷ್ಟು ವರ್ಷ ತಡವರಿಸಿದ್ದೇವೆ ನಾವು! ಪ್ರತಿ ವರ್ಷ ಒಂದು ಮಗುವಾದರೂ ಕೇಳುತ್ತದೆ, ಇದು ಯಾತಕ್ಕೆ ಟೀಚರ್ ಅಂತ. ನಮ್ಮ ಊರಿನ ಮಕ್ಕಳಿಗೆ ಮಲಯಾಳದ ಮಾಙ್ಙ, ತೇಙ್ಙ ತೋರಿಸಿ ಬಚಾವಾಗುತ್ತೇವೆ. ಙಕಾರದಲ್ಲೇ ಮುಗಿಯುವ ಒಂದು ಶಬ್ದ ಇಷ್ಟು ದೂರದಿಂದ ಬಂದು ಕಾರಿನಲ್ಲಿ ಕೂತದ್ದು ನಮಗೆ ಹಾಡಿಗಿಂತ ಮೊದಲೇ ಖುಷಿ ಕೊಟ್ಟಿತು. ಅರ್ಥ, ಕುದುರೆಯ ಕತ್ತಿನ ಜೂಲು.

ಆಮೇಲೆ ಹುಡುಕಿ ಓದಿ ತಿಳಿದುಕೊಂಡದ್ದನ್ನು ಇಲ್ಲೇ ಹೇಳಿಬಿಡುತ್ತೇವೆ. ತಂಡದ ಹೆಸರು ಸೂಪರ್ ಫರ್ರಿ ಅನಿಮಲ್ಸ್. 1993ರಲ್ಲಿ ಕಾರ್ಡಿಫಿನಲ್ಲಿ ಕಟ್ಟಿದ ಐದು ಜನರ ತಂಡ. ಮುಖ್ಯ ಹಾಡುಗಾರ ಗ್ರಿಫ್ ರೀಸ್ ಉತ್ತರ ವೇಲ್ಸಿನ ಬೆಥೆಸ್ಡಾ ಎಂಬ ಸ್ಲೇಟು ಕಲ್ಲಿನ ಕ್ವಾರಿಯ ಊರಿನಲ್ಲಿ ಬೆಳೆದವನು. ಅವನ ತಂದೆ ಗ್ವಿನೆದ್ ಜಿಲ್ಲಾ ಕೌನ್ಸಿಲಿನ ಮುಖ್ಯಾಧಿಕಾರಿಯಾಗಿದ್ದವರು. ಆ ಕೌನ್ಸಿಲಿನ ಒಳಗಿನ ಕಚೇರಿ ಕೆಲಸ ವೆಲ್ಶಿನಲ್ಲೇ ನಡೆಯುತ್ತದೆ ಎಂದು ಓದಿದಾಗ, ಕನ್ನಡದಲ್ಲಿ ಒಂದು ಅರ್ಜಿ ಫಾರಂ ಸಿಗಲಿಕ್ಕೆ ಮೂರು ಸಲ ಅಲೆಯುವ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು.

ಗ್ರಿಫ್ ಮತ್ತು ಡ್ರಮ್ ಬಾರಿಸುವ ಡಾವಿದ್ ಯೈಯಾನ್ ಇದಕ್ಕಿಂತ ಮೊದಲು ಇದ್ದದ್ದು ವೆಲ್ಶಿನಲ್ಲೇ ಹಾಡುವ ಒಂದು ತಂಡದಲ್ಲಿ. ಆ ತಂಡದ ಹೆಸರಿನ ಅರ್ಥ 'ಎಲ್ಲರ ಕಾಫಿ ಬೀಜ'. ಹೆಸರನ್ನು ಗಟ್ಟಿಯಾಗಿ ಹೇಳಿದರೆ ಅದರಲ್ಲೊಂದು ಪೋಲಿ ಮಾತು ಕೇಳಿಸುತ್ತದಂತೆ, ಅದು ಇಲ್ಲಿ ಬೇಡ. ಹೊಸ ತಂಡ 1995ರಲ್ಲಿ ಆಂಕ್ಸ್ಟ್ ಎಂಬ ಸಣ್ಣ ವೆಲ್ಶ್ ಲೇಬಲ್‌ನಿಂದ ಮೊದಲ ಇ.ಪಿ. ತಂದಿತು. ಆಂಗಲ್ಸಿ ದ್ವೀಪದಲ್ಲಿ ಐವತ್ತೆಂಟು ಅಕ್ಷರದ ಹೆಸರಿರುವ ಹಳ್ಳಿಯೊಂದುಂಟಲ್ಲ, ರಸಪ್ರಶ್ನೆಯಲ್ಲಿ ಬರುವುದು, ಆ ಇಡೀ ಹೆಸರಿಗೆ 'ಬಾಹ್ಯಾಕಾಶದಲ್ಲಿ' ಎಂದು ಬಾಲ ಸೇರಿಸಿ ಇ.ಪಿ.ಗೆ ಇಟ್ಟರು. ನಮ್ಮಲ್ಲಾದರೆ ಊರ ಹೆಸರಿಗೆ ಅವಮಾನ ಎಂದು ಒಂದು ಖಂಡನಾ ಸಭೆ ಆಗುತ್ತಿತ್ತೋ ಏನೋ.

ಮತ್ತೆ ಲಂಡನ್ನಿನ ಕ್ರಿಯೇಷನ್ ಎಂಬ ಹೆಸರಾಂತ ಲೇಬಲ್ ಅವರನ್ನು ತೆಗೆದುಕೊಂಡಿತು. ಒಯಾಸಿಸ್ ತಂಡವನ್ನು ಹೊರತಂದದ್ದೂ ಅದೇ. 1996, 1997, 1999ರಲ್ಲಿ ಮೂರು ಆಲ್ಬಮ್, ಹಾಡುವ ಭಾಷೆ ಬಹುಪಾಲು ಇಂಗ್ಲಿಷ್. ಹೆಸರು ಬಂತು, ದುಡ್ಡೂ ಬಂತು. ಅಷ್ಟರಲ್ಲಿ ಕ್ರಿಯೇಷನ್ ಬಾಗಿಲು ಹಾಕಿತು. ಲೇಬಲ್ ಹೋದ ತಂಡ ಸಾಮಾನ್ಯವಾಗಿ ಏನು ಮಾಡಬೇಕು? ಇನ್ನೊಂದು ಕಂಪೆನಿ ಹಿಡಿದು ಹೆಚ್ಚು ಮಾರಾಟವಾಗುವಂಥದ್ದನ್ನು ಹಾಡಬೇಕು. ಇವರು ತಮ್ಮದೇ ಸಣ್ಣ ಲೇಬಲ್ ಮಾಡಿ 2000ದ ಮೇ 15ರಂದು ಹತ್ತೂ ಹಾಡು ವೆಲ್ಶಿನಲ್ಲೇ ಇರುವ 'ಮುಙ್' ಹೊರತಂದರು. ಧ್ವನಿಮುದ್ರಣದ ಖರ್ಚು ಸುಮಾರು ಆರು ಸಾವಿರ ಪೌಂಡ್. ಹಿಂದಿನ ಆಲ್ಬಮ್ಮಿಗೆ ಸುರಿದ ದುಡ್ಡಿನ ಮುಂದೆ ಇದು ಚಿಲ್ಲರೆ. ಗೋರ್ವೆಲ್ ಓವೆನ್ ಎಂಬ ಹಳೆಯ ಸಂಗಾತಿಯೊಟ್ಟಿಗೆ, ಹೆಚ್ಚಿನದನ್ನು ಎಲ್ಲರೂ ಒಟ್ಟಿಗೆ ನಿಂತು ಬಾರಿಸಿಯೇ ಮುದ್ರಿಸಿದ್ದು. ಅದು ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನಕ್ಕೆ ಬಂತು. ಅಲ್ಲಿಯವರೆಗೆ ವೆಲ್ಶಿನ ಯಾವ ಆಲ್ಬಮ್ಮೂ ಮೊದಲ ಇಪ್ಪತ್ತರೊಳಗೆ ಬಂದದ್ದಿಲ್ಲ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವೇಲ್ಸಿನ ಸದಸ್ಯರೊಬ್ಬರು ಅಭಿನಂದನೆಯ ಸೂಚನೆ ಮಂಡಿಸಿದರು. 2015ರಲ್ಲಿ ಅದನ್ನು ಮತ್ತೆ ಅಚ್ಚು ಮಾಡಿದರು, ಬೇರೆ ಬೇರೆ ಊರಿನಲ್ಲಿ ಮತ್ತೆ ಹಾಡಿದರು.

ಇಷ್ಟು ಚರಿತ್ರೆ. ಕಾರಿನಲ್ಲಿ ಕೂತಿದ್ದಾಗ ನಮಗೆ ಇದೊಂದೂ ಗೊತ್ತಿರಲಿಲ್ಲ.

ಮೊದಲ ಹಾಡು 'ಡ್ರಗ್ಯೋನಿ', ಅಂದರೆ ಕೆಡುಕು. ಒಂದೂವರೆ ನಿಮಿಷವೂ ಇಲ್ಲ. ಗಿಟಾರಿನ ಗಲಾಟೆ, ಎಲ್ಲಿಗೋ ತಡವಾದವರ ಹಾಗೆ ಓಟ. ನಮ್ಮಲ್ಲೊಬ್ಬರು ಧ್ವನಿ ಸಣ್ಣ ಮಾಡಿ ಅಂದರು. ಎರಡನೆಯದರಿಂದ ಮೆಲ್ಲ ಮೆಲ್ಲ ರಾಗ ಹಿಡಿಯಿತು. ಒಂದು ಹಾಡಿನಲ್ಲಿ ಕಹಳೆಯ ದನಿ ನಿಧಾನಕ್ಕೆ ಬಂದು ಹಾಡುಗಾರನ ಸೋಮಾರಿ ಸ್ವರದ ಪಕ್ಕ ಕೂರುತ್ತದೆ. ಗ್ರಿಫ್ ರೀಸ್ ಕೂಗುವವನಲ್ಲ. ಮಧ್ಯಾಹ್ನ ಊಟ ಮಾಡಿ ಚಾವಡಿಯಲ್ಲಿ ಮಲಗಿದವನು ಗುನುಗಿದ ಹಾಗೆ ಹಾಡುತ್ತಾನೆ, ಆದರೆ ರಾಗ ಮಾತ್ರ ಕಿವಿಯಿಂದ ಇಳಿಯುವುದಿಲ್ಲ. ಆರು ಮನೆ ಸುತ್ತಿ ಸಂಜೆ ವಾಪಸು ಬರುವಾಗ ಮೂವರೂ ಅರ್ಥ ಗೊತ್ತಿಲ್ಲದ ಆ ರಾಗಗಳನ್ನು ಗುನುಗುತ್ತಿದ್ದೆವು. 'ಅಸ್‌ಬೈಡ್ಯೈ ಹೇಲಾಗ್' ಎಂಬುದು ಎಲ್ಲಕ್ಕಿಂತ ಹಗುರ, ಚಪ್ಪಾಳೆ ತಟ್ಟುವಂಥದ್ದು. ಹೆಸರಿನ ಅರ್ಥ ಹವಾಮಾನ ವರದಿಯಲ್ಲಿ ಬರುವ 'ಆಗಾಗ ಬಿಸಿಲು'. ಕೆಟ್ಟ ಕಾಲವೊಂದನ್ನು ನೆನೆದು, ನಡುನಡುವೆ ಬಿಸಿಲೂ ಇತ್ತಲ್ಲ ಎನ್ನುವ ಹಾಡು. ಜಡಿಮಳೆಯ ಊರಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಸಾರ್ನ್ ಹೆಲೆನ್' ಎಂಬ ಹಾಡು ವೇಲ್ಸನ್ನು ಉತ್ತರದಿಂದ ದಕ್ಷಿಣಕ್ಕೆ ದಾಟುವ ರೋಮನರ ಕಾಲದ ರಸ್ತೆಯದ್ದು, ಭಾರವಾಗಿ ಕಾಲೆಳೆಯುತ್ತಾ ಹೋಗುತ್ತದೆ. 'ಪಾನ್ ಧೌರ್ ವೌರ್', ಬೆಳಗಾದಾಗ ಎಂಬುದು ಹಳ್ಳಿಗಳು ಖಾಲಿಯಾಗುವುದರ ಬಗ್ಗೆ. 'ಅ ಟೈಮ್ಲಾಡ್' ಇವರದ್ದಲ್ಲ, ಡಾಟ್‌ಬ್ಲಗಿ ಎಂಬ ಇನ್ನೂ ಸಣ್ಣ, ಇನ್ನೂ ಹಟಮಾರಿ ವೆಲ್ಶ್ ತಂಡದ ಹಾಡು. ಪ್ರೀತಿ ಎನ್ನುವ ಭಾವನೆಯ ಬಗ್ಗೆ, ಅಷ್ಟೇ. ತಮಗಿಂತ ಮೊದಲು ಕತ್ತಲೆಯಲ್ಲಿ ದಾರಿ ಮಾಡಿದವರ ಹಾಡನ್ನು ತಮಗೆ ಬೆಳಕು ಸಿಕ್ಕಿದ ಹೊತ್ತಿನಲ್ಲಿ ನಡುವೆ ತಂದಿಟ್ಟದ್ದು ನಮಗೆ ತುಂಬಾ ಇಷ್ಟವಾಯಿತು. ಎಲ್ಲವೂ ಇಷ್ಟವಾಯಿತೆಂದಲ್ಲ. ಕಣಜದ ಗೂಡಿನ ಹೆಸರಿನ ಹಾಡು ನಮಗೆ ಹಿಡಿಸಲಿಲ್ಲ. ಕೊನೆಯದ್ದು ಮುಗಿಯಲಿಕ್ಕೇ ಮನಸ್ಸಿಲ್ಲದ ಹಾಗೆ ಎಳೆಯುತ್ತದೆ. ಮಾಷ್ಟ್ರಿಗೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ನಮ್ಮನ್ನು ನಿಲ್ಲಿಸಿದ್ದು 'ಡಾಕು ಹೀ' ಎಂಬ ಹಾಡು. 'ಅಗೋ ಅವಳು' ಎಂದರ್ಥ. ಇದು ಗ್ರಿಫ್ ರೀಸನಿಗೆ ಪಾಠ ಮಾಡಿದ ಒಬ್ಬ ಟೀಚರ್ ಬಗ್ಗೆ. ನನಗೆ ತಲೆಯ ಹಿಂದೆಯೂ ಕಣ್ಣುಂಟು, ನೀವು ಏನು ಮಾಡಿದರೂ ಕಾಣುತ್ತದೆ ಎಂದು ಮಕ್ಕಳನ್ನು ಹೆದರಿಸುತ್ತಿದ್ದವರಂತೆ. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ನಾವು ಎಷ್ಟು ಸಲ ಇದೇ ಮಾತು ಹೇಳಿಲ್ಲ! ಅವನು ಅದನ್ನು ಬರೆದದ್ದು 1987ರಲ್ಲಿ, ಹದಿನಾರು ಹದಿನೇಳರ ಪ್ರಾಯದಲ್ಲಿ. ಹದಿಮೂರು ವರ್ಷ ಇಟ್ಟುಕೊಂಡಿದ್ದು, ನಡುವೆ ಇಂಗ್ಲಿಷಿನಲ್ಲಿ ಹೆಸರು ಮಾಡಿ, ಆಮೇಲೆ ಹೊರಗೆ ತೆಗೆದ.

ಇದನ್ನು ಓದಿದ ದಿನ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕೆಂದರೆ ನಮ್ಮದೂ ಒಂದು ಕಥೆ ಉಂಟು.

2017. ಮಲಯಾಳ ಕಡ್ಡಾಯದ ಸುಗ್ರೀವಾಜ್ಞೆ ಬಂದ ವರ್ಷ. ನಾವೆಲ್ಲ ಕಲೆಕ್ಟರೇಟಿನ ಮುಂದೆ ಸೇರಿ ಗಂಟಲು ಹರಿಯುವಷ್ಟು ಕೂಗಿದ್ದೆವು. ಆ ನವೆಂಬರಿನಲ್ಲಿ ಶಾಲೆಯ ಕನ್ನಡ ಸಂಘದಿಂದ ಒಂದು ಕಾರ್ಯಕ್ರಮ ಇಟ್ಟೆವು. ನವೆಂಬರ್ ಒಂದು ನಮ್ಮಲ್ಲಿ ಕೇರಳ ಹುಟ್ಟಿದ ದಿನವೂ ಹೌದಾದ್ದರಿಂದ ಕನ್ನಡದ್ದನ್ನು ಇನ್ನೊಂದು ದಿನಕ್ಕೆ ಸರಿಸಬೇಕು, ಅದೂ ನಿಮಗೆ ಗೊತ್ತಿರುವುದೇ. ಸ್ವರಚಿತ ಗೀತೆ ಎಂದು ಒಂದು ಸ್ಪರ್ಧೆ. ತೀರ್ಪುಗಾರರು ನಾವು ಮೂವರು. ಬಂದ ಹಾಡುಗಳೆಲ್ಲ ಹೇಗಿದ್ದಿರಬಹುದು ಎಂದು ನೀವೇ ಊಹಿಸಿ. ತಾಯಿ, ಬಾವುಟ, ಸಿರಿಗನ್ನಡ, ಗಡಿ, ರಕ್ತ. ಹಿಂದಿನ ವರ್ಷದ ಹಾಡಿನ ಸಾಲು ಈ ವರ್ಷದ ಹಾಡಿನಲ್ಲಿ ಬಂದು ಕೂತಿರುತ್ತಿತ್ತು. ಅದನ್ನು ಕಲಿಸಿದವರೂ ನಾವೇ.

ಒಂಬತ್ತನೆಯ ಒಬ್ಬ ಹುಡುಗ ಮಾತ್ರ ಬಸ್ಸಿನ ಬಗ್ಗೆ ಬರೆದುಕೊಂಡು ಬಂದಿದ್ದ. ಸಂಜೆಯ ಬಸ್ಸು. ಮಕ್ಕಳದ್ದು ಕನ್ಸೆಷನ್ ಟಿಕೆಟ್ ಆದ್ದರಿಂದ ಡ್ರೈವರ್ ಸ್ಟಾಪಿನಲ್ಲಿ ನಿಲ್ಲಿಸದೆ ಮುಂದೆ ಕೊಂಡುಹೋಗಿ ನಿಲ್ಲಿಸುವುದು, ಇವರು ಓಡುವುದು, ಕೂತ ಹೆಂಗಸರು ಇವರ ಚೀಲಗಳನ್ನು ಮಡಿಲಿನಲ್ಲಿ ರಾಶಿ ಹಾಕಿಕೊಳ್ಳುವುದು, ಕಂಡಕ್ಟರ್ ಅರ್ಧ ತುಳುವಿನಲ್ಲಿ ಅರ್ಧ ಮಲಯಾಳದಲ್ಲಿ ಹಿಂದೆ ಹೋಗಿ ಹಿಂದೆ ಹೋಗಿ ಎನ್ನುವುದು, ಸೊಂಟದ ಮಟ್ಟಕ್ಕೆ ನಿಂತವನಿಗೆ ಕಿಟಕಿಯಲ್ಲಿ ಆಕಾಶ ಮಾತ್ರ ಕಾಣುವುದು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮ್ಮ ಊರಿನ ಹುಡುಗ ಹೇಗೆ ಮಾತಾಡುತ್ತಾನೋ ಹಾಗೇ ಇತ್ತು ಹಾಡಿನ ಭಾಷೆ. ರಾಗ ಅವನದ್ದೇ. ಮೊಬೈಲಿನ ಹಾರ್ಮೋನಿಯಂನಲ್ಲಿ ಕೂರಿಸಿಕೊಂಡದ್ದು. ಸಭೆಯಲ್ಲಿದ್ದ ಮಕ್ಕಳು ಎರಡನೆಯ ಸಲ ಪಲ್ಲವಿ ಬಂದಾಗ ತಾವೂ ಹಾಡಿದರು. ಬೇರೆ ಯಾವ ಹಾಡಿಗೂ ಹಾಗಾಗಲಿಲ್ಲ.

ನಾವು ಅವನನ್ನು ಸ್ಟಾಫ್ ರೂಮಿಗೆ ಕರೆದು ಬೆನ್ನು ತಟ್ಟಿದೆವು. ಮತ್ತೆ ಹೇಳಿದೆವು: "ಹಾಡು ಚೆನ್ನಾಗಿತ್ತು ಮಾರಾಯ. ಆದರೆ ಇದರಲ್ಲಿ ಕನ್ನಡ ಎಲ್ಲಿ?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇಡೀ ಹಾಡು ಕನ್ನಡದಲ್ಲೇ ಇತ್ತಲ್ಲ! ಕೈಯಲ್ಲಿದ್ದ ಚೀಟಿಯನ್ನು ತಿರುಗಿಸಿ ಹಿಂಬದಿ ನೋಡಿದ, ಅಲ್ಲಿ ಎಲ್ಲಾದರೂ ಬಿಟ್ಟುಹೋಗಿದೆಯೋ ಎನ್ನುವ ಹಾಗೆ. ನಾಡು ನುಡಿಯ ವಿಷಯ ಬರಬೇಕಿತ್ತು, ಅಲ್ಲಲ್ಲಿ ಭಾಷೆ ಶುದ್ಧವಿಲ್ಲ, ಮುಂದಿನ ವರ್ಷ ನೋಡುವ ಎಂದು ಸಮಾಧಾನ ಹೇಳಿ ಚೀಟಿ ತೆಗೆದಿಟ್ಟುಕೊಂಡೆವು. ಬಹುಮಾನ ಸಿರಿಗನ್ನಡಕ್ಕೆ ಹೋಯಿತು. ಮುಂದಿನ ವರ್ಷ ಅವನು ಸ್ಪರ್ಧೆಗೆ ಬರಲಿಲ್ಲ. ಹೈಯರ್ ಸೆಕೆಂಡರಿಗೆ ಬೇರೆ ಕಡೆ ಹೋದ. ಈಗ ಒಂದು ತಂಡದ ಜೊತೆ ಮದುವೆ, ಕಾಲೇಜು ಡೇಗಳಲ್ಲಿ ಮಲಯಾಳ, ಹಿಂದಿ ಹಾಡುತ್ತಾನೆ. ಚೆನ್ನಾಗಿಯೇ ಹಾಡುತ್ತಾನೆ, ನಾವು ಹೋಗಿ ಕೇಳಿದ್ದೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವನಿಗೆ ಕನ್ನಡದಲ್ಲಿ ಹಾಡು ಬರೆಯುವುದೆಂದರೆ ಪರೀಕ್ಷೆ ಬರೆದ ಹಾಗೆ ಎಂದು ಕಲಿಸಿಕೊಟ್ಟದ್ದು ಯಾವ ಸರಕಾರವೂ ಅಲ್ಲ.

'ಮುಙ್'ನ ಹತ್ತು ಹಾಡುಗಳಲ್ಲಿ ವೆಲ್ಶ್ ಭಾಷೆಯ ಗುಣಗಾನ ಒಂದೂ ಇಲ್ಲ. ಟೀಚರ ಕಣ್ಣು, ಬಿಸಿಲು, ರಸ್ತೆ, ಕಣಜ, ನೆಪ್ಚೂನ್ ಗ್ರಹದ ಮಾರ್ಚ್ ತಿಂಗಳ ಚಳಿ ಎಲ್ಲ ಉಂಟು. ಆ ಭಾಷೆಯಲ್ಲಿ ಏನನ್ನು ಬೇಕಾದರೂ ಹಾಡಬಹುದು ಎಂಬುದನ್ನು ಅವರು ಹೇಳಲು ಹೋಗಲೇ ಇಲ್ಲ, ಹಾಡಿದರು. ಅವರಿಗೂ ಮನೆಯವರಿಂದ ಸುಖವೇನೂ ಇರಲಿಲ್ಲ. ಇಂಗ್ಲಿಷಿನಲ್ಲಿ ಹಾಡಲು ಹೊರಟಾಗ ವೆಲ್ಶ್ ಅಭಿಮಾನಿಗಳು ಚೆನ್ನಾಗಿಯೇ ಬೈದಿದ್ದರು. ಅಲ್ಲಿ ಐಸ್ಟೆದ್‌ವೊಡ್ ಎಂಬ ದೊಡ್ಡ ಹಬ್ಬ ಉಂಟು, ನಮ್ಮ ಸಾಹಿತ್ಯ ಸಮ್ಮೇಳನ ಮತ್ತು ಕಲೋತ್ಸವ ಎರಡನ್ನೂ ಸೇರಿಸಿದ ಹಾಗೆ. 1950ರಿಂದ ಅದರ ವೇದಿಕೆಯಲ್ಲಿ ವೆಲ್ಶ್ ಮಾತ್ರ ಎಂಬ ನಿಯಮ. ಅಂಥ ನಿಯಮದಿಂದ ಭಾಷೆ ಉಳಿದಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡೂ ಭಾಷೆಯಲ್ಲಿ ಬದುಕುವ ಹುಡುಗರು ಅದರ ಹೊರಗೆ ನಿಲ್ಲಬೇಕಾಗುತ್ತದೆ. ಆ ಸಿಟ್ಟಿನಿಂದ ಹುಟ್ಟಿದ್ದು ಎರಡನೆಯ ಹಾಡು, 'ಅಮೈಲೊಡಿ ಆರ್ ಅಮಲೊನ್'. ಅಂಚಿಗೆ ಸದಸ್ಯರಾಗುವುದು ಎಂದು ಹೇಳಬಹುದು. ಗಡಿನಾಡಿನವರಿಗೆ ಇದಕ್ಕಿಂತ ಒಳ್ಳೆಯ ಶೀರ್ಷಿಕೆ ಬೇಕೆ? ಆದರೆ ನಾವು ಅಲ್ಲಿ ಯಾವ ಕಡೆ ನಿಂತಿದ್ದೇವೆ ಎಂದು ಯೋಚಿಸಿದಾಗ, ಸದಸ್ಯತ್ವದ ಅರ್ಜಿಯನ್ನು ತಿರಸ್ಕರಿಸುವ ಮೇಜಿನ ಹಿಂದೆ ಕೂತವರು ನಾವಾಗಿದ್ದೆವು.

ವೇಲ್ಸನ್ನೂ ಕಾಸರಗೋಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತೇವೆ ಎಂದು ತಿಳಿಯಬೇಡಿ. 2021ರ ಜನಗಣತಿಯಲ್ಲಿ ವೇಲ್ಸಿನಲ್ಲಿ ವೆಲ್ಶ್ ಬಲ್ಲವರು 5.38 ಲಕ್ಷ, ನೂರಕ್ಕೆ ಹದಿನೆಂಟೂ ಇಲ್ಲ. ನಮ್ಮ ಒಂದು ಜಿಲ್ಲೆಯ ಜನಸಂಖ್ಯೆಯೇ 2011ರಲ್ಲಿ ಹದಿಮೂರು ಲಕ್ಷ. ಕನ್ನಡ ಮಾತೃಭಾಷೆಯವರು ಆ ವರ್ಷ 4.37 ಕೋಟಿ. ನಮ್ಮದು ಸಣ್ಣ ಭಾಷೆಯಲ್ಲ, ದೊಡ್ಡ ಭಾಷೆಯ ಸಣ್ಣ ದಡ. ಅವರ ಭಾಷೆ ಸಣ್ಣದಾದರೂ ಅವರು ಇರುವುದು ತಮ್ಮ ಮನೆಯಲ್ಲಿ, 1982ರಿಂದ ತಮ್ಮದೇ ಟಿ.ವಿ. ಚಾನೆಲ್ ಉಂಟು, 1999ರಿಂದ ತಮ್ಮದೇ ಶಾಸನಸಭೆ ಉಂಟು. ಅದೂ ಸುಮ್ಮನೆ ಸಿಕ್ಕಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲೆಯಲ್ಲಿ ವೆಲ್ಶ್ ಮಾತಾಡಿದ ಮಗುವಿನ ಕುತ್ತಿಗೆಗೆ ಮರದ ತುಂಡು ಕಟ್ಟುತ್ತಿದ್ದರು. ಇನ್ನೊಬ್ಬ ವೆಲ್ಶ್ ಮಾತಾಡಿದರೆ ಅದು ಅವನ ಕುತ್ತಿಗೆಗೆ. ಸಂಜೆ ಯಾರ ಕುತ್ತಿಗೆಯಲ್ಲಿ ಉಳಿಯಿತೋ ಅವನಿಗೆ ಪೆಟ್ಟು. ವೆಲ್ಶ್ ಮಾಧ್ಯಮದ ಮೊದಲ ಪ್ರಾಥಮಿಕ ಶಾಲೆ ಅಬೆರಿಸ್ಟ್‌ವಿತ್ ಎಂಬಲ್ಲಿ ಸುರುವಾದದ್ದು 1939ರಲ್ಲಿ, ಏಳು ಮಕ್ಕಳಿಂದ. ಏಳು! ಆರನೆಯ ದಿನದ ಲೆಕ್ಕ ಅಲ್ಲಿಯೂ ಇದ್ದಿದ್ದರೆ ಗತಿ ಏನಾಗುತ್ತಿತ್ತೋ.

ದೊಡ್ಡ ಭಾಷೆಯ ದಡದಲ್ಲಿರುವುದರಿಂದ ನಮಗೊಂದು ಬೇರೆ ತೊಂದರೆ ಉಂಟು. ಹಾಡು ಬೆಂಗಳೂರಿನಿಂದ ತಯಾರಾಗಿ ಬರುತ್ತದೆ, ನಾವು ಮಾಡಬೇಕಾಗಿಲ್ಲ. 2018ರಲ್ಲಿ ರಿಷಬ್ ಶೆಟ್ಟರ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ಸಿನಿಮಾ ಬಂದಾಗ ನಮ್ಮ ಮಕ್ಕಳು ಕುಣಿದರು. ವಾಸುಕಿ ವೈಭವ್ ಅವರ ಸಂಗೀತ. ಮಕ್ಕಳ ಬಾಯಲ್ಲಿ ಉಳಿದದ್ದು ಯಾವುದು ಗೊತ್ತಾ? ದಡ್ಡನ ಹಾಡು. ಶಾಲೆಯಲ್ಲಿ ದಡ್ಡ ಅನ್ನಿಸಿಕೊಳ್ಳುವುದು ಅವರಿಗೆ ಗೊತ್ತಿರುವ ವಿಷಯ, ಅದಕ್ಕೆ. ಆಗಲೂ ನಮಗೆ ನಮ್ಮ ಬಸ್ಸಿನ ಹುಡುಗ ನೆನಪಾಗಲಿಲ್ಲ. ಅವನು ಆಗ ಹತ್ತನೆಯಲ್ಲಿ, ನಮ್ಮ ಕಣ್ಣೆದುರೇ ಇದ್ದ.

ಜೂನಿನಲ್ಲಿ ಶಾಲೆ ಸುರುವಾಯಿತು. ಲೆಕ್ಕ ಹೇಗೋ ದಾಟಿತು. ಒಂದು ಶನಿವಾರ ಧೈರ್ಯ ಮಾಡಿ ಅವನಿಗೆ ಮೆಸೇಜು ಹಾಕಿದೆವು. ಯಾರು ಹಾಕುವುದೆಂದೇ ಅರ್ಧ ಗಂಟೆ ಚರ್ಚೆ. ನಿನ್ನ ಆ ಬಸ್ಸಿನ ಹಾಡು ನೆನಪುಂಟಾ ಎಂದು ಕೇಳಿದೆವು. "ಯಾವ ಹಾಡು ಟೀಚರ್?" ಎಂದು ಬಂತು. ನಾವು ನಮಗೆ ನೆನಪಿದ್ದಷ್ಟು ಬರೆದೆವು, ಚೀಲದ ರಾಶಿ, ಕಿಟಕಿಯ ಆಕಾಶ. ಉತ್ತರ ಇಲ್ಲ. ಎರಡು ದಿನ ಬಿಟ್ಟು ಒಂದು ವಾಯ್ಸ್ ಮೆಸೇಜ್. ಮೂವರೂ ಒಂದು ಫೋನಿಗೆ ಕಿವಿ ಇಟ್ಟು ಕೇಳಿದೆವು. ಎಲ್ಲೋ ರಸ್ತೆಬದಿಯಲ್ಲಿ ನಿಂತು ಹಾಡಿದ್ದು, ಹಿಂದೆ ಹಾರ್ನ್ ಕೇಳುತ್ತದೆ. ಪಲ್ಲವಿ ಮತ್ತು ಒಂದು ಚರಣ. ಸ್ವರ ಈಗ ದಪ್ಪವಾಗಿದೆ, ರಾಗವನ್ನೂ ಒಂದು ಕಡೆ ತಿರುಗಿಸಿದ್ದಾನೆ. ಮೊದಲಿಗಿಂತ ಚೆನ್ನಾಗಿದೆ.

ಕೊನೆಗೆ ಮಾತು: "ಎರಡನೇ ಚರಣ ಪೂರ್ತಿ ಮರೆತುಹೋಗಿದೆ ಟೀಚರ್. ಆ ಚೀಟಿ ನಿಮ್ಮ ಹತ್ತಿರವೇ ಇತ್ತಲ್ಲ. ಉಂಟಾ?"

ಕನ್ನಡ ಸಂಘದ ಕಪಾಟಿನಲ್ಲಿ ಹುಡುಕಿದೆವು. 2017ರ ಕಟ್ಟು ಸಿಕ್ಕಿತು. ಅದರಲ್ಲಿ ತೀರ್ಪಿನ ಹಾಳೆಗಳು, ನಮ್ಮ ಮೂವರ ಸಹಿ, ಬಹುಮಾನದ ಪುಸ್ತಕಗಳ ಬಿಲ್ಲು, ಸಿರಿಗನ್ನಡದ ಹಾಡಿನ ಮೂರು ಪ್ರತಿ. ಚೀಟಿ ಇಲ್ಲ. ಮೇಲಿನ ಅರೆಯಲ್ಲಿ ಹಳೆಯ ಉತ್ತರ ಪತ್ರಿಕೆಗಳ ರಾಶಿ ಉಂಟು, ಅದನ್ನು ಇಳಿಸಲಿಕ್ಕೆ ಏಣಿ ಬೇಕು. ಪ್ಯೂನ್ ಸೋಮವಾರ ತರುತ್ತೇನೆ ಅಂದಿದ್ದಾನೆ.